ತೂಕ ಹೆಚ್ಚಿಸುವವರ ಪಟ್ಟಿ

ಪುರಸಭೆಯ ಆರೋಗ್ಯ ವಿಭಾಗದಲ್ಲಿ ಹದಿನಾರು ವರ್ಷದಿಂದ ನಾನು ಟೈಪಿಸ್ಟ್. ಸುತ್ತೋಲೆ ಅಂದರೆ ಬೆರಳು ತನ್ನ ಪಾಡಿಗೆ ಓಡುತ್ತದೆ, ತಲೆ ಮನೆಯ ಯೋಚನೆಯಲ್ಲಿರುತ್ತದೆ. ಆ ದಿನ ಮಾತ್ರ ಬೆರಳು ನಿಂತುಬಿಟ್ಟಿತು.

ಆರೋಗ್ಯಾಧಿಕಾರಿಗಳು ತಮ್ಮ ಕೋಳಿಗಾಲಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದರು: ‘ಮಕ್ಕಳ ಆರೋಗ್ಯದ ಹಿತದೃಷ್ಟಿಯಿಂದ ಪ್ರತಿ ಶಾಲೆಯೂ ತೂಕ ಹೆಚ್ಚಿರುವವರ ಹೆಸರುಗಳನ್ನು ಪಟ್ಟಿ ಮಾಡಿ, ಸೂಚನಾ ಫಲಕಕ್ಕೆ ಹಾಕಿ, ಒಂದು ಪ್ರತಿಯನ್ನು ಈ ಕಚೇರಿಗೆ ಕಳಿಸತಕ್ಕದ್ದು.’

ಊರಿನ ಮಕ್ಕಳು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿರುವುದು ಸುಳ್ಳಲ್ಲ. ಅದನ್ನು ನೋಡಲು ನಾನು ದೂರ ಹೋಗಬೇಕಾಗಿಲ್ಲ, ನನ್ನ ಮಗಳೇ ಇದ್ದಾಳೆ. ಆರನೇ ತರಗತಿ. ಒಂದು ಮಹಡಿ ಹತ್ತಿದರೆ ಏದುಸಿರು. ಶಾಲೆಯಲ್ಲಿ ಎಲ್ಲರಿಗೂ ಅವಳು ‘ಡ್ರಮ್ಮು’. ಹಾಗೆ ಕರೆದಾಗ ಅವಳೂ ನಗುತ್ತಾಳೆ. ಮನೆಗೆ ಬಂದು ಕನ್ನಡಿಗೆ ಟವೆಲ್ ಹೊದಿಸುತ್ತಾಳೆ. ಫಲಕದಲ್ಲಿ ಹೆಸರು ಬಿದ್ದರೆ ಅವಳು ಮತ್ತೆ ಶಾಲೆ ಕಡೆ ತಲೆ ಹಾಕುವುದಿಲ್ಲ. ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ.

ಎದ್ದು ಸಾಹೇಬರ ಕೋಣೆಗೆ ಹೋದೆ.

“ಸರ್, ಈ ಹೆಸರು ಹಾಕೋದೊಂದು ಬಿಟ್ಟುಬಿಡೋಣ. ಚಿಕ್ಕ ಮಕ್ಕಳು, ಪಾಪ.”

“ನಾಚಿಕೆ ಆದ್ರೇನೇ ಬುದ್ಧಿ ಬರೋದಮ್ಮ. ಟೈಪ್ ಮಾಡಿ.”

ಕಣ್ಣು ಮಂಜಾಗಿತ್ತು, ಹಾಗೇ ಟೈಪ್ ಮಾಡಿದೆ. ಅವರು ಓದದೆ ಸಹಿ ಹಾಕಿದರು. ನಮ್ಮ ಕಚೇರಿಯಲ್ಲಿ ಓದಿ ಸಹಿ ಹಾಕಿದವರನ್ನು ನಾನು ಕಂಡಿಲ್ಲ. ಹನ್ನೆರಡು ಶಾಲೆಗಳಿಗೆ ಹೋಯಿತು.

ಹತ್ತು ದಿನದ ಮೇಲೆ ಒಳಗಿನಿಂದ ಕೂಗು ಬಂತು. ಸಾಹೇಬರ ಮುಖ ಕೆಂಡವಾಗಿತ್ತು. ಮೇಜಿನ ತುಂಬ ಶಾಲೆಗಳಿಂದ ಬಂದ ಕಾಗದ.

“ಇದೇನ್ರೀ ಇದು? ನಾನು ಬರೆದಿದ್ದೇನು, ನೀವು ಹೊಡೆದಿದ್ದೇನು?”

ನೋಡಿದೆ. ‘ರು’ ಇರಬೇಕಾದ ಕಡೆ ‘ಸು’ ಕೂತಿತ್ತು. ತೂಕ ಹೆಚ್ಚಿರುವವರ ಹೆಸರಲ್ಲ, ತೂಕ ಹೆಚ್ಚಿಸುವವರ ಹೆಸರು ಕೇಳಿದ್ದೆವು.

“ಬೇಕಂತಲೇ ಮಾಡಿದ್ರಾ?”

“ಬೇಕಂತ ಮಾಡೋಷ್ಟು ತಲೆ ಇದ್ದಿದ್ರೆ ನಾನು ಆ ಕಡೆ ಕುರ್ಚೀಲಿ ಕೂತಿರ್ತಿದ್ದೆ ಸರ್.”

ಸಾಹೇಬರು ಕಾಗದಗಳನ್ನು ನನ್ನತ್ತ ತಳ್ಳಿದರು. ಹೆಡ್‌ಮಾಸ್ತರರು ಸರ್ಕಾರಿ ಕಾಗದಕ್ಕೆ ಎದುರು ಪ್ರಶ್ನೆ ಹಾಕುವ ಜನವಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟು, ಫಲಕಕ್ಕೂ ಅಂಟಿಸಿದ್ದರು. ಆಟದ ಪೀರಿಯಡ್ಡನ್ನು ವರ್ಷವಿಡೀ ನುಂಗಿದ ಲೆಕ್ಕದ ಮೇಷ್ಟ್ರು. ಸರಿಯುತ್ತರಕ್ಕೆಲ್ಲ ಚಾಕೊಲೇಟ್ ಹಂಚುವ ಟೀಚರು. ಕುಡಿಯುವ ನೀರಿನ ನಲ್ಲಿ ಕೆಟ್ಟು, ಮಕ್ಕಳು ಸಿಹಿ ಪಾನೀಯಕ್ಕೆ ಬಿದ್ದು ಮೂರು ತಿಂಗಳಾದರೂ ಬಾರದ ಪ್ಲಂಬರ್. ಒಬ್ಬ ಹೆಡ್‌ಮಿಸ್ಟ್ರೆಸ್ ಮೊದಲ ಹೆಸರು ತಮ್ಮದೇ ಬರೆದುಕೊಂಡಿದ್ದರು: ‘ಮೈದಾನವನ್ನು ಕಾರು ನಿಲ್ಲಿಸಲು ಬಿಟ್ಟುಕೊಟ್ಟವಳು.’ ನನಗೆ ನಗು ತಡೆಯಲಾಗಲಿಲ್ಲ.

“ನಗಬೇಡಿ. ನಿಮ್ಮ ಮಗಳ ಶಾಲೇದು ನೋಡಿ. ಎರಡನೇ ಹೆಸರು.”

ಓದಿದೆ. ‘ಮಾನ್ಯ ಆರೋಗ್ಯಾಧಿಕಾರಿಗಳು. ಶಾಲೆಯ ಒಳಗೆ ಸಿಹಿ ಪಾನೀಯದ ಯಂತ್ರವಿಡಲು ಅನುಮತಿ ನೀಡಿದವರು.’

ನನ್ನ ಕೆಲಸ ಹೋಯಿತು ಅಂದುಕೊಂಡೆ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಒಂದಕ್ಷರ ತಿದ್ದಿ ಹೊಸ ಸುತ್ತೋಲೆ ಕಳಿಸಿದರೆ ನಾಳೆಯೇ ಮಗಳ ಹೆಸರು ಫಲಕದಲ್ಲಿರುತ್ತದೆ.

“ಫಲಕದಲ್ಲಿ ಹಾಕಿದಾರಂತೆ. ಜನ ನಿಂತು ಓದ್ತಿದಾರಂತೆ,” ಎಂದರು ಸಾಹೇಬರು. ದನಿ ಇಳಿದಿತ್ತು. “ನನ್ನ ಹೆಂಡತಿಗೂ ಯಾರೋ ಹೇಳಿದಾರೆ. ಬೆಳಿಗ್ಗೆಯಿಂದ ಆಚೆ ಹೋಗೋಕೇ ಮುಜುಗರ ಆಗ್ತಿದೆ ಕಣಮ್ಮ.”

“ನಿಮಗೆ ಐವತ್ತೆರಡು ವರ್ಷ ಸರ್,” ಎಂದೆ. “ನನ್ನ ಮಗಳಿಗೆ ಹನ್ನೊಂದು.”

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮತ್ತೆ ಹಾಕಿಕೊಂಡು, “ಬರ್ಕೊಳ್ಳಿ,” ಎಂದರು.

ತಿದ್ದುಪಡಿಯೇ ಬಂತು ಎಂದು ಪೆನ್ನು ಹಿಡಿದೆ.

“ತಮ್ಮ ಪಟ್ಟಿಗಳು ತಲುಪಿವೆ. ಪಾನೀಯ ಯಂತ್ರಗಳ ಅನುಮತಿ ರದ್ದಾಗಿದೆ, ಈ ತಿಂಗಳೊಳಗೆ ತೆಗೆಸತಕ್ಕದ್ದು. ಆಟದ ಪೀರಿಯಡ್ಡನ್ನು ಬೇರೆ ಪಾಠಕ್ಕೆ ಬಳಸತಕ್ಕದ್ದಲ್ಲ. ಮೈದಾನದಲ್ಲಿ ವಾಹನ ನಿಲ್ಲಿಸತಕ್ಕದ್ದಲ್ಲ. ನಲ್ಲಿಗಳನ್ನು ಪುರಸಭೆಯೇ ರಿಪೇರಿ ಮಾಡಿಸುತ್ತದೆ.”

“ಮಕ್ಕಳ ಹೆಸರು ಸರ್?”

“ಯಾವ ಮಕ್ಕಳು? ನಾವು ಮಕ್ಕಳ ಹೆಸರು ಯಾವಾಗ ಕೇಳಿದ್ವಿ?”

ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕೂತು ಟೈಪ್ ಮಾಡಿದೆ. ಆ ಕಾಗದವನ್ನು ಮಾತ್ರ ನಾಲ್ಕು ಸಲ ಓದಿ ಕಳಿಸಿದೆ.

ಮೂರು ವಾರದ ನಂತರ ಒಂದು ಸಂಜೆ ಮಗಳು ಮನೆಗೆ ಬಂದವಳೇ ಚೀಲ ಎಸೆದು ನೆಲದ ಮೇಲೆ ಉರುಳಿಕೊಂಡಳು. ಬಟ್ಟೆಯೆಲ್ಲ ಮಣ್ಣು.

“ಅಮ್ಮಾ, ಕಾಲು ಒತ್ತು. ಸತ್ತೇಹೋದೆ. ಮಷಿನ್ ಬೇರೆ ಎತ್ಕೊಂಡು ಹೋದ್ರು. ಇನ್ಮೇಲೆ ದಿನಾ ಆಟ ಆಡಿಸ್ಲೇಬೇಕಂತೆ. ಯಾವನೋ ತಲೆಕೆಟ್ಟೋನು ರೂಲ್ಸ್ ಮಾಡಿದಾನೆ!”

“ಹೌದಾ? ಯಾರಂತೆ?”

“ಯಾರಿಗ್ಗೊತ್ತು. ಈ ಕಡೆ ಒತ್ತಮ್ಮ, ನಾಳೆ ನಾನು ಗೋಲ್‌ಕೀಪರ್ರು.”

ಒತ್ತಿದೆ.