ಮೂರನೆಯ ಕೊಕ್ಕೆ

ಮುರಿದ ಉಕ್ಕಿನ ಚೂರನ್ನು ಬಂದೂಕು ರಿಪೇರಿಯವನ ಮಗಳು ಅಂಗಡಿಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೋದ ವಾರವಷ್ಟೇ ಅವಳು ರೈಫಲ್ಲಿನ ಬೋಲ್ಟಿಗೆ ಮಾಡಿ ಕೂರಿಸಿದ, ಖಾಲಿ ತೋಟಾವನ್ನು ಹೊರಗೆಳೆಯುವ ಕೊಕ್ಕೆ ಅದು. ಆಗಲೇ ಅದರ ತುದಿ ಹಾರಿಹೋಗಿತ್ತು.

"ಈ ಬಂದೂಕಿಗೇ ಶನಿ ಹಿಡಿದಿದೆ ಕಣಮ್ಮಾ," ಎಂದ ಕಾಡಿನ ಕಾವಲುಗಾರ, ಕುಂಟುಗಾಲನ್ನು ಚಾಚಿ ಕುಳಿತು.

ಹನ್ನೊಂದು ವರ್ಷದ ಹಿಂದೆ ಇದೇ ಬಂದೂಕಿನ ಕೊಕ್ಕೆ ಮುರಿದು, ಖಾಲಿ ತೋಟಾ ಹೊರಬರದೆ, ಎರಡನೇ ಗುಂಡು ಹಾರಿಸಲಾಗದೆ ಅವನು ಕಾಡುಹಂದಿಯ ಬಾಯಿಗೆ ಕಾಲು ಕೊಟ್ಟಿದ್ದ. ಆ ಕೊಕ್ಕೆ ಮಾಡಿದ್ದು ಅವಳ ಅಪ್ಪ. "ಉಕ್ಕಿನ ಹದ ತಪ್ಪಿಸಿದ್ದು ನಾನೇ," ಎಂದು ಅವತ್ತು ಅರ ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಬೀದಿ ನೋಡುವುದೇ ಅವನ ಉದ್ಯೋಗವಾಯಿತು. ಉಗ್ರಾಣ ಸೇರಿದ್ದ ಬಂದೂಕನ್ನು ಅರಣ್ಯ ಇಲಾಖೆಯವರು ಈಗ ಮತ್ತೆ ಕಾವಲುಗಾರನಿಗೇ ಕೊಟ್ಟಿದ್ದರು.

ಮಗಳ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಉಕ್ಕು ಅದೇ, ಎಣ್ಣೆ ಅದೇ, ಕಾಯಿಸಿದ ಬಣ್ಣವೂ ಅದೇ. ಬೇರೆ ಬಂದೂಕುಗಳಿಗೆ ಹಾಕಿದ ಕೊಕ್ಕೆಗಳು ಗಟ್ಟಿಯಾಗಿಯೇ ಇದ್ದವು. ತನ್ನ ಕೈಯೂ ಅಪ್ಪನ ಕೈಯಂತೆಯೇ ಕೆಟ್ಟದ್ದೇನೋ ಎಂದು ಅವಳಿಗೆ ಭಯವಾಯಿತು.

"ಬಿಟ್ಬಿಡು," ಎಂದ ಅಪ್ಪ ಮೂಲೆಯಿಂದ. "ನಮ್ಮ ಕೈಗೆ ಆಗಿಬರದ ಕೆಲಸ."

ಅವಳು ಬಿಡಲಿಲ್ಲ. ಮೂರನೆಯ ಕೊಕ್ಕೆ ಮಾಡಿ ಕೂರಿಸಿ, ಮದ್ದಿಲ್ಲದ ಆರು ತೋಟಾಗಳನ್ನು ಕಾವಲುಗಾರನ ಮುಂದೆ ಸುರಿದಳು. "ನೀವೇ ತುಂಬಿ. ಕಾಡಲ್ಲಿ ಹೇಗೆ ತುಂಬ್ತೀರೋ ಹಾಗೇ."

ಅವನು ಐದನ್ನು ಬಂದೂಕಿನ ಹೊಟ್ಟೆಯಲ್ಲಿದ್ದ ಮ್ಯಾಗಜೀನಿಗೆ ಒತ್ತಿದ. ಆರನೆಯದನ್ನು ಬೆರಳಲ್ಲಿ ಎತ್ತಿ ನೇರ ನಳಿಗೆಯೊಳಗೆ ಜಾರಿಸಿ ಬೋಲ್ಟಿಗೆ ಕೈ ಹಾಕಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಇದ್ಯಾರು ಹೇಳ್ಕೊಟ್ಟಿದ್ದು?"

"ನಮ್ಮ ಹಳೇ ಜಮಾದಾರರು. ಕಾಡಲ್ಲಿ ಒಂದು ಜಾಸ್ತಿ ಇದ್ರೆ ಧೈರ್ಯ. ಬೇರೆ ಬಂದೂಕಲ್ಲಿ ಏನೂ ಆಗಲ್ವಲ್ಲ!"

"ಇದರಲ್ಲಿ ಆಗತ್ತೆ. ತೋಟಾ ಕೆಳಗಿಂದ ಏರಿ ಬರ್ತಾ ತಾನಾಗೇ ಕೊಕ್ಕೆಯೊಳಗೆ ಜಾರ್ಬೇಕು. ನೀವು ಮೊದಲೇ ಒಳಗಿಟ್ರೆ ಕೊಕ್ಕೆ ಅದರ ಅಂಚನ್ನ ಹಾರಿ ಹಿಡೀಬೇಕು. ಹಾರೋಕೆ ಮಾಡಿದ್ದಲ್ಲ ಅದು. ಮುರಿಯತ್ತೆ."

ಅಂಗಡಿಯಲ್ಲಿ ಪರೀಕ್ಷಿಸುವಾಗ ಅಪ್ಪನೂ ಅವಳೂ ಸದಾ ಮ್ಯಾಗಜೀನಿನಿಂದಲೇ ತುಂಬುತ್ತಿದ್ದರು. ಹಾಗಲ್ಲದೆ ತುಂಬುವವರಿದ್ದಾರೆಂದು ಅವರಿಗೆ ಹೊಳೆದೇ ಇರಲಿಲ್ಲ.

ಕಾವಲುಗಾರ ತನ್ನ ಕಾಲನ್ನು ನೋಡಿಕೊಂಡ. "ಹಂಗಾದ್ರೆ ಇದನ್ನ ಮುರಿಸ್ಕೊಂಡಿದ್ದು... ನಾನೇನಾ?"

ಮಗಳಿಗೆ ಖುಷಿಯಾಗಿತ್ತು. ಅವನ ಮುಖ ನೋಡಿ, ಖುಷಿಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಅಪ್ಪ ಎದ್ದು ಬಂದ. ಬೈಯುತ್ತಾನೋ ಅಳುತ್ತಾನೋ ಅವಳಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ ತಿಳಿದಿರಲಿಲ್ಲ. "ಹದ ಸರಿ ಇತ್ತಾ?" ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ನಂಬಿಕೆ ಬರದೆ ಇನ್ನೊಮ್ಮೆ ಕೇಳಿದ.

ಆಮೇಲೆ ಕಾವಲುಗಾರನ ಪಕ್ಕದಲ್ಲೇ ಕುಳಿತು ಬಂದೂಕನ್ನು ತೊಡೆಯ ಮೇಲೆಳೆದುಕೊಂಡ. ಒಳಗಿದ್ದವನ್ನೆಲ್ಲ ಹೊರತೆಗೆದು, ಐದು ತೋಟಾಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಕೆಳಗೆ ಒತ್ತಿದ. "ಹೀಗೆ. ಐದೇ. ಆರನೇದರ ಆಸೆ ಬೇಡ." ಬೋಲ್ಟು ಮುಂದೆ ಹೋಗಿ ಹಿಂದೆ ಬಂತು. ತೋಟಾ ಹಾರಿ ಕಾವಲುಗಾರನ ಮಡಿಲಿಗೆ ಬಿತ್ತು. ಒಂದಾದ ಮೇಲೊಂದು ಐದೂ ಬಿದ್ದವು.

ಅಪ್ಪ ಅವನ್ನು ಆ ಮಡಿಲಿನಿಂದ ಆರಿಸಿಕೊಂಡು, ಮತ್ತೆ ಮೊದಲಿನಿಂದ ತುಂಬತೊಡಗಿದ.