ಚಪ್ಪಡಿಯ ಮೇಲೆ ಒಡೆದ ಕಾಯಿ

ಯಲಹಂಕದ ಆ ಲ್ಯಾಬಿನಲ್ಲಿ ಸ್ನೇಹಾಳ ಕೆಲಸ, ಕಂಪನಿಗಳು ಪರೀಕ್ಷೆಗೆ ಕಳಿಸುವ ಹೊಸ ಸ್ಮಾರ್ಟ್‌ಫೋನುಗಳನ್ನು ಬೀಳಿಸುವುದು. ಯಂತ್ರ ಸೊಂಟದೆತ್ತರದಿಂದ ಫೋನನ್ನು ಕೈಬಿಡುತ್ತದೆ, ಅದು ಕೆಳಗಿನ ನುಣುಪಾದ ಕಲ್ಲುಚಪ್ಪಡಿಗೆ ಬಡಿಯುತ್ತದೆ, ಗಾಜು ಉಳಿಯಿತೋ ಹೋಯಿತೋ ಎಂದು ಇವಳು ಬರೆದುಕೊಳ್ಳುತ್ತಾಳೆ. ಇಷ್ಟಕ್ಕೆ ಇಂಜಿನಿಯರಿಂಗ್ ಓದಬೇಕಿತ್ತೇ ಎಂದು ಊರಿನವರು ಕೇಳುತ್ತಿದ್ದರು. ಕೆಲಸ ಕೊಡಿಸಿದವನು ಅಲ್ಲಿಯೇ ಯಂತ್ರಗಳನ್ನು ನೋಡಿಕೊಳ್ಳುವ ಸೋದರಮಾವ ಮುರಿಗೆಪ್ಪ. ಅಟ್ಟೂರಿನ ಅವನ ಮನೆಯಲ್ಲೇ ಅವಳ ಊಟ, ವಾಸ. ಕೆಲಸ ಖಾಯಂ ಆಗುವುದು ಇನ್ನೂ ಬಾಕಿಯಿತ್ತು.

ಆ ವರ್ಷ ದಸರಾ ಕಳೆದ ಮೇಲೆ ಬಂದ ಫೋನುಗಳು 'ಬಿದ್ದರೂ ಒಡೆಯದು' ಎಂಬ ಜಾಹೀರಾತಿನವು. ಇಲ್ಲಿ ಒಂದರ ಹಿಂದೊಂದು ಒಡೆದವು. ತಮ್ಮ ಪರೀಕ್ಷೆಯಲ್ಲಿ ಒಂದೂ ಒಡೆದಿಲ್ಲ ಎಂದು ಕಂಪನಿ ತಕರಾರು ತೆಗೆಯಿತು. ಅವರ ಇಂಜಿನಿಯರ್ ಬಂದು ಚಪ್ಪಡಿಯ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದ. ಅಲ್ಲಿ ಸಾಸಿವೆ ಕಾಳಿನಷ್ಟು ಕಲ್ಲು ಎದ್ದುಹೋಗಿತ್ತು. ಗಾಜು ಒಡೆದದ್ದು ಈ ಗುಳಿಯ ಅಂಚಿಗೆ ಬಡಿದು ಎಂದ.

ಹೇಗೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಆಯುಧಪೂಜೆಯ ದಿನ ಯಂತ್ರಕ್ಕೆ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿದ ಮುರಿಗೆಪ್ಪ ಕಾಯಿಯನ್ನು ಆ ಚಪ್ಪಡಿಗೇ ಕುಕ್ಕಿದ್ದ. ಕಲ್ಲು ಕಂಡಲ್ಲಿ ಕಾಯಿ ಒಡೆಯುವ ಜನ ನಾವು. ಪರೀಕ್ಷೆಯ ಕಲ್ಲು ಬೇರೆ, ಪೂಜೆಯ ಕಲ್ಲು ಬೇರೆ ಎಂದು ಅಲ್ಲಿದ್ದ ಅಷ್ಟು ಪದವೀಧರರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಯಿ ಸಮನಾಗಿ ಎರಡು ಹೋಳಾಯಿತೆಂದು ಮಾಲೀಕರೇ ಕೈಮುಗಿದಿದ್ದರು.

ಇದು ಯಾರ ಕೆಲಸ ಎಂದು ಇಂಜಿನಿಯರ್ ಕೇಳಿದ. ಮಾಲೀಕರು ಗೋಡೆ ನೋಡಿದರು. ಮಾವ ಹೇಳುತ್ತಾನೆ ಎಂದುಕೊಂಡು ಸ್ನೇಹಾ ಅವನತ್ತ ನೋಡಿದಳು.

"ಅಕಿ ಹೊಸಾಕಿ ರೀ ಸರ್," ಎಂದ ಮುರಿಗೆಪ್ಪ. "ಗೊತ್ತಿಲ್ಲದ ಅಕೀನ ಕಾಯಿ ಒಡದಾಳ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಒಳಗೆಲ್ಲ ಮರಗಟ್ಟಿತ್ತು.

ಹೊಸ ಚಪ್ಪಡಿ ತಂದು ಹಾಕಿದರು. ಅದರ ಮೇಲೂ ಗಾಜುಗಳು ಮೊದಲಿನಂತೆಯೇ ಒಡೆದವು. ಆದರೆ ಕಲ್ಲಿನ ಗುಳಿಯ ಫೋಟೊ ಹಿಡಿದುಕೊಂಡ ಕಂಪನಿ, ಈ ಲ್ಯಾಬಿನ ಯಾವ ಮಾತನ್ನೂ ಒಪ್ಪುವುದಿಲ್ಲ ಎಂದಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮಾಲೀಕರು ಸ್ನೇಹಾಳನ್ನು ಕರೆದು, ಸೋಮವಾರದಿಂದ ಬರುವುದು ಬೇಡ ಎಂದರು.

ಬಸ್ಸಿನಲ್ಲಿ ಮುರಿಗೆಪ್ಪ ಒಂದೇ ಸಮನೆ ಮಾತಾಡಿದ. ತನ್ನ ವಯಸ್ಸಿನವನನ್ನು ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ, ಅವಳಿಗಾದರೆ ನಾಳೆಯೇ ಇನ್ನೊಂದು ಸಿಗುತ್ತದೆ ಎಂದ. ಅವಳು ಹೂಂಗುಟ್ಟಿದಳು. ಇಳಿದು ಹೋಗಲು ಅವಳಿಗೆ ಈ ಊರಿನಲ್ಲಿ ಬೇರೆ ಮನೆಯಿರಲಿಲ್ಲ.

ಅತ್ತೆ ಚನ್ನಕ್ಕ ಇಬ್ಬರಿಗೂ ರೊಟ್ಟಿ, ಪಲ್ಯ ಬಡಿಸಿದಳು. ಗಂಡ ಅವಳಿಗೆ ಕಲ್ಲಿನ ಕತೆಯನ್ನು ಅರ್ಧ ಮಾತ್ರ ಹೇಳಿದ್ದ.

"ಯಾವಾಕಿ ಅಕಿ, ಕಾಯಿ ಒಡದು ಕಲ್ಲು ಕೆಡಿಸಿದಾಕಿ? ಇವರು ಹೆಸರ ಹೇಳವಲ್ರು. ಅಕೀ ಸಲುವಾಗಿ ನಿನ್ನ ನೌಕರಿ ಹೋತಲ್ಲವ್ವಾ."

ಮುರಿಗೆಪ್ಪನ ಕೈ ತಾಟಿನಲ್ಲೇ ನಿಂತಿತು. ಇಲ್ಲಿ ಇಂಜಿನಿಯರ್ ಇರಲಿಲ್ಲ, ಮಾಲೀಕರೂ ಇರಲಿಲ್ಲ. ಇಲ್ಲಾದರೂ ಹೇಳಬಹುದಿತ್ತು. ಸ್ನೇಹಾ ಅವನತ್ತ ನೋಡಿದಳು. ಅವನು ತಲೆಯೆತ್ತಲಿಲ್ಲ.

"ನಾನ ಒಡದೀನ್ರಿ ಅತ್ತಿ," ಎಂದಳು.

ಮುರಿಗೆಪ್ಪ ತುತ್ತು ಬಾಯಿಗಿಟ್ಟುಕೊಂಡ.