ಲಾಳಿಯ ಕಣ್ಣು

"ರಕ್ತದಾಗೆ ಹೊಲಸು ಸೇರೈತೆ ಅಂತ ಡಾಕ್ಟ್ರೇ ಬರ್ದವ್ರೆ. ಇದ್ಕೆ ಲೀವು ಬೇರೆ ಕೇಡು ನಿಂಗೆ. ಮೊದ್ಲು ಮೈ ತೊಳ್ಕೊಳ್ಳೋದು ಕಲೀರಿ, ಮುಂಡೇವಾ."

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮನೆಮಾತಿನ ನೇಕಾರರ ಮಗ್ಗದ ಶೆಡ್ಡಿನ ಮಾಲೀಕ, ಆಳುಗಳ ಮೊದಲಾಳಿ ಕಂದಸಾಮಿ, ಆಸ್ಪತ್ರೆಯ ಕಾಗದ ಎತ್ತಿ ಹಿಡಿದು ಹದಿನಾರು ಮಗ್ಗಗಳ ಸದ್ದನ್ನೂ ಮೀರಿ ಕೂಗಿದ. ಲೀವು ಕೇಳಿದ್ದ ಚಂದ್ರಾ ತಲೆ ಎತ್ತಲಿಲ್ಲ. ಇಪ್ಪತ್ತು ದಿನದ ಜ್ವರ ಅವಳ ಕಣ್ಣಲ್ಲಿ ಕೆಂಪಗೆ ಕೂತಿತ್ತು. ನೂಲು ಮುಗಿದು ಒಂದು ಮಗ್ಗ ನಿಂತಿತು. ಸಿಮೆಂಟು ತೊಟ್ಟಿಯ ನೀರಿನಲ್ಲಿ ನೆನೆಹಾಕಿದ್ದ, ಕಡ್ಡಿಗೆ ನೂಲು ಸುತ್ತಿದ ಕಂಡಿಕೆಯೊಂದನ್ನು ಎತ್ತಿ ಲಾಳಿಯೊಳಗೆ ಕೂರಿಸಿದಳು. ಲಾಳಿಯ ಪಕ್ಕದ ಸಣ್ಣ ತೂತಿಗೆ, ಅದರ ಕಣ್ಣಿಗೆ, ತುಟಿಯಿಟ್ಟು ಎಳೆಯನ್ನು ಹೊರಕ್ಕೆ ಹೀರಿದಳು. ಬಾಯಿಗೆ ಬಂದ ನೀರನ್ನು ಪಕ್ಕಕ್ಕೆ ಉಗುಳಿದಳು. ಮಗ್ಗ ಹೊರಟಿತು. ಅವಳ ಪಾಲಿಗೆ ನಾಲ್ಕು ಮಗ್ಗ. ಪಾಳಿಯೊಂದಕ್ಕೆ ನೂರಾರು ಸಲ ಹೀಗೆ.

ಎದುರು ಸಾಲಿನಲ್ಲಿದ್ದ ಗಂಡ ಈಶ್ವರನ್ ಎಲ್ಲವನ್ನೂ ಕೇಳಿಸಿಕೊಂಡ. ತುಂಡಾದ ಎಳೆಯೊಂದನ್ನು ಕಟ್ಟುತ್ತ ನಿಂತ.

ಆ ಕಾಗದ ಊರಿನ ನರ್ಸಿಂಗ್ ಹೋಮಿನದು. ರಕ್ತ ತೆಗೆಸುವ ದಿನ ಈಶ್ವರನ ಅವ್ವ ರಾಮಾತಾಳ್, ನೋಯದಿರಲಿ ಎಂದು ಸೊಸೆಯ ಮೊಣಕೈ ಮಡಿಕೆಗೆ ಚೌಡಮ್ಮನ ಭಂಡಾರ ಹಚ್ಚಿದ್ದಳು. ನರ್ಸು ಅವಸರದಲ್ಲಿ ಅರ್ಧ ಒರೆಸಿ ಅಲ್ಲೇ ಚುಚ್ಚಿದಳು, ಒಂದೇ ಬಾಟಲಿ ತುಂಬಿದಳು. ಮೂರನೆಯ ದಿನ ಅದರಲ್ಲೊಂದು ರೋಗಾಣು ಬೆಳೆಯಿತು. ಈ ಜಾತಿಯದು ನೀರಿನಲ್ಲಿ, ಮಣ್ಣಿನಲ್ಲಿ ಇರುವಂಥದ್ದು, ಮನುಷ್ಯರ ರಕ್ತದಲ್ಲಿ ಸಿಗುವುದು ಬಲು ಅಪರೂಪ, ಹಾಗಾಗಿ ಆ ಹಳದಿ ಪುಡಿಯಿಂದಲೇ ಬಂದಿದೆ ಎಂದು ಡಾಕ್ಟರು ಮುದುಕಿಯನ್ನು ಹತ್ತು ಜನರೆದುರು ತಮಿಳಿನಲ್ಲಿ ಬೈದು, ತೆಗೆದ ರಕ್ತಕ್ಕೆ ಹೊರಗಿನ ಹೊಲಸು ಸೇರಿದೆ ಎಂದು ಕಾಗದದಲ್ಲಿ ನಮೂದಿಸಿ, ಮಾತ್ರೆ ಬರೆದು ಕಳಿಸಿದರು. ಅಂದಿನಿಂದ ರಾಮಾತಾಳ್ ಭಂಡಾರದ ಬಟ್ಟಲು ಮುಟ್ಟಲಿಲ್ಲ. ಸಂಜೆ ದೀಪದ ಮುಂದೆ ಅವಳು ಹಾಡಿಕೊಳ್ಳುತ್ತಿದ್ದ ಪದಗಳೂ ನಿಂತುಹೋದವು.

ಕಂದಸಾಮಿ ಹಾಗೆ ಬೈದ ನಾಲ್ಕನೆಯ ದಿನ ಚಂದ್ರಾ ಲಾಳಿ ಹಿಡಿದುಕೊಂಡೇ ಕುಸಿದಳು. "ಬಟ್ಟೆ ಮ್ಯಾಲೆ ಬೀಳಿಸ್ಬೇಡ್ರೋ, ಕರೆ ಆಯ್ತದೆ," ಎಂದ ಕಂದಸಾಮಿ.

ಕೊಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದವಳು ಲ್ಯಾಬಿನ ಹುಡುಗಿ ಕೃತ್ತಿಕಾ. ಅವಳ ಮನೆಮಾತೂ ಕನ್ನಡವೇ. ಎರಡೂ ತೋಳುಗಳನ್ನು ಉಜ್ಜಿ ಉಜ್ಜಿ ಒರೆಸಿದಳು, ಆರುವ ತನಕ ಕಾದಳು, ಒಂದೊಂದು ತೋಳಿನಿಂದ ಬೇರೆ ಬೇರೆ ಬಾಟಲಿ ತುಂಬಿದಳು. ಎಲ್ಲದರಲ್ಲೂ ಒಂದೇ ರೋಗಾಣು ಬೆಳೆಯಿತು. ಅಲ್ಲಿನ ಯಂತ್ರಕ್ಕೆ ಅದರ ಹೆಸರು ತಿಳಿಯಲಿಲ್ಲ. ಬೇರೆ ಲ್ಯಾಬಿಗೆ ಕಳಿಸಿ, ಅದರ ಜೀನು ಓದಿಸಿ ಹೆಸರು ತರಿಸುವಷ್ಟರಲ್ಲಿ ಮತ್ತೆ ಐದು ದಿನ. ಈಶ್ವರನ ನಾಲಿಗೆ ಹೊರಳದ ಆ ಹೆಸರನ್ನು ಕೃತ್ತಿಕಾ ತಮಿಳು ಅಕ್ಷರದಲ್ಲಿ ಬರೆದುಕೊಟ್ಟಳು. ಔಷಧಿ ಬದಲಾಯಿತು. ಜ್ವರ ಇಳಿಯಲಿಲ್ಲ. ಮೂತ್ರ ಕಡಿಮೆಯಾಗುತ್ತಿತ್ತು.

"ಒಂದು ಬಾಟ್ಲೀಲಿ ಬಂದ್ರೆ ಮೇಲಿನ ಹೊಲಸು ಅನ್ಬೋದು, ಅಣ್ಣಾ. ಎರಡು ಕೈಲೂ ಅದೇ ಬಂದ್ರೆ, ಅದು ರಕ್ತದಾಗೇ ಇರೋದು," ಎಂದಳು ಕೃತ್ತಿಕಾ.

ರಾಮಾತಾಳ್ ಅವಳ ಮುಂಗೈ ಹಿಡಿದುಕೊಂಡಳು. "ಹಂಗಾದ್ರೆ ಭಂಡಾರದ್ದಲ್ವಾ, ಅಮ್ಮಣೀ?"

"ಅಲ್ಲ ಅವ್ವಾ. ಇದು ನಿಂತ ನೀರಾಗೆ ಇರೋದು. ಅಕ್ಕ ಎಲ್ಲಿ ನೀರು ಬಾಯಿಗೆ ಹಾಕ್ಕೋತಾರೆ?"

ಮನೆಯಲ್ಲಿ ಕಾಯಿಸಿದ ನೀರು ಎಂದು ಹೇಳಹೊರಟ ಈಶ್ವರನ ತುಟಿಗಳು ತಾವಾಗಿ ದುಂಡಗಾಗಿ, ಲಾಳಿಯ ಕಣ್ಣಿಗೆ ಇಡುವ ಹಾಗೆ ಮುಂದೆ ಬಂದವು. "ಶೆಡ್ಡಿನ ತೊಟ್ಟಿ ನೀರು," ಎಂದ.

ಅದೇ ರೋಗಾಣು ಇದೆಯೇ ಎಂದು ಪರೀಕ್ಷಿಸಲು, ತೊಟ್ಟಿಯ ನೀರು ತರಲು ಕೃತ್ತಿಕಾ ಮುಚ್ಚಳದ ಡಬ್ಬಿಯೊಂದನ್ನು ಕೊಟ್ಟಳು. ಶೆಡ್ಡಿನಲ್ಲಿ ಚಂದ್ರಾಳ ಪಕ್ಕದ ಮಗ್ಗ ನೋಡುವ ಧರಣಿಗೆ ಅವನು ಫೋನು ಮಾಡಿ, ನೀರು ಚೆಲ್ಲದ ಹಾಗೆ ನೋಡಿಕೋ ಎಂದ. ಶೆಡ್ಡಿನ ಸದ್ದಿನಲ್ಲಿ ಅವಳು ಫೋನನ್ನು ಸ್ಪೀಕರಿಗೆ ಹಾಕಿದ್ದಳು; ಕಂದಸಾಮಿ ಬೆನ್ನ ಹಿಂದೆಯೇ ಇದ್ದ. ಈಶ್ವರನ್ ಬಸ್ಸಿಳಿದು ಬರುವಷ್ಟರಲ್ಲಿ ತೊಟ್ಟಿ ಒಣಗಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು.

"ತುಂಬ್ಕೊಳ್ಳೋ ತಂಬಿ, ಎಷ್ಟು ಬೇಕೋ ತುಂಬ್ಕೋ," ಎಂದ ಕಂದಸಾಮಿ. "ಹೊಲಸು ನಿನ್ ಹೆಂಡ್ತಿ ಮೈಯಾಗೈತೆ. ಡಾಕ್ಟ್ರು ಬರ್ದಿದ್ದು ಇನ್ನೂ ನನ್ ಜೇಬಾಗೈತೆ."

ಈಶ್ವರನ್ ತೊಟ್ಟಿಯ ಪಕ್ಕದ ಗೋಣಿ ಎತ್ತಿದ. ಬೆಳಿಗ್ಗೆ ನೀರಿನಿಂದ ತೆಗೆದಿಟ್ಟ ಕಂಡಿಕೆಗಳು ಅದರಡಿಯಲ್ಲಿ ಇನ್ನೂ ಒದ್ದೆಯಿದ್ದವು. ಒಂದನ್ನು ಲಾಳಿಗೆ ಹಾಕಿ, ಲಾಳಿಯ ಕಣ್ಣನ್ನು ಮೊದಲಾಳಿಯ ಬಾಯಿಯ ಹತ್ತಿರ ಹಿಡಿದ.

"ಒಂದೇ ಒಂದು ಸಲ ಹೀರಿ, ಮೊದ್ಲಾಳಿ. ಉಗುಳ್ಬುಡಿ, ಅವಳಂಗೆ."

"ತೆಗಿಯೋ, ಬೋಳಿಮಗನೆ."

"ಹೀರಿ."

ಕಂದಸಾಮಿ ಹಿಂದೆ ಸರಿದ. ಗೋಡೆ ತಾಗಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಧರಣಿಯ ಮಗ್ಗದಲ್ಲಿ ನೂಲು ಮುಗಿದು ಮಗ್ಗ ನಿಂತಿತು. ರೂಢಿಯಂತೆ ಗೋಣಿಯಡಿಯ ಹೊಸ ಕಂಡಿಕೆ ಕೂರಿಸಿ ಲಾಳಿಯನ್ನು ತುಟಿಗೆ ತಂದವಳು ಮೊದಲಾಳಿಯ ಅಂಗೈಯನ್ನು ನೋಡಿದಳು. ಲಾಳಿ ಕೆಳಗಿಳಿಯಿತು. ಒದ್ದೆ ಕಂಡಿಕೆಯನ್ನು ಕಿತ್ತು, ನಡೆದುಬಂದು, ಈಶ್ವರನ ಡಬ್ಬಿಯ ಮೇಲೆ ಹಿಂಡಿದಳು. ನಾಲ್ಕು ಹನಿ ಬಿದ್ದವು.

"ಸಾಕಾಯ್ತದಾ ಅಣ್ಣಾ?"

ಈಶ್ವರನ್ ಆ ಹನಿಗಳನ್ನು ನೋಡಿದ. ಡಬ್ಬಿಯನ್ನು ಮುಚ್ಚದೆ ಹಿಡಿದುಕೊಂಡೇ ನಿಂತ. ಆಚೆ ಸಾಲಿನಲ್ಲಿ ಇನ್ನೊಂದು ಮಗ್ಗ ನಿಂತಿತು; ಒದ್ದೆ ಕಂಡಿಕೆ ಹಿಡಿದು ಯಾರೋ ಇತ್ತ ನಡೆದು ಬರತೊಡಗಿದರು.